ಉಣ್ಣೆಯೇ ಇಲ್ಲದ ಕೊಟ್ಟಿಗೆಗೆ ರಕ್ತರೋಗ ಬರುವ ದಾರಿಗಳು: ಪತ್ತೆ ಹಚ್ಚುವುದು, ಮುಚ್ಚುವುದು

ಹಸುವಿಗೆ ಜ್ವರ ಬಂದು ರಕ್ತ ಪರೀಕ್ಷೆಯಲ್ಲಿ ಅನಾಪ್ಲಾಸ್ಮಾ ಎಂಬ ರಕ್ತರೋಗ ಎಂದು ಗೊತ್ತಾದರೆ ಮೊದಲು ಕೈ ಹೋಗುವುದು ಉಣ್ಣೆ (ದನದ ಮೈಗೆ ಅಂಟಿ ರಕ್ತ ಹೀರುವ ಉಣುಗು) ಔಷಧಿಯ ಬಾಟಲಿಗೆ. ಮೈಗೆಲ್ಲ ಸಿಂಪಡಿಸಿ, ಗೋಡೆಯ ಬಿರುಕು ಮುಚ್ಚಿ, ಸುಣ್ಣ ಬಳಿದು ಮುಗಿಸುವಷ್ಟರಲ್ಲಿ ಪಕ್ಕದ ಗೂಟದ ಹಸುವೂ ಮೇವು ಬಿಡುತ್ತದೆ. ಮೈ ತಡವಿದರೆ ಒಂದು ಉಣ್ಣೆಯೂ ಸಿಗುವುದಿಲ್ಲ. ಆಗ ನೋಡಬೇಕಾದದ್ದು ಒಂದೇ: ಕಳೆದ ಎರಡು ತಿಂಗಳಲ್ಲಿ ಒಂದು ದನದ ರಕ್ತ ಇನ್ನೊಂದರ ಮೈ ಸೇರಲು ಎಲ್ಲೆಲ್ಲಿ ಅವಕಾಶವಾಯಿತು?

ಉಣ್ಣೆಗೆ ಇಷ್ಟು ಹೆಸರು ಬಂದದ್ದಕ್ಕೆ ಕಾರಣವಿದೆ. ಅಮೆರಿಕದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ದನಗಳ ಬೆಬೀಸಿಯಾ ಜ್ವರ ಹರಡುವುದು ಉಣ್ಣೆಯಿಂದ ಎಂದು ತೋರಿಸಿಕೊಟ್ಟರು. ಆದರೆ ಅದಕ್ಕೂ ಮುಂಚೆ, 1880ರಲ್ಲಿ, ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಗ್ರಿಫಿತ್ ಇವಾನ್ಸ್ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಸರ್ರಾ ರೋಗದ ಜೀವಿಯನ್ನು ಕಂಡಿದ್ದರು. ಆ ರೋಗಕ್ಕೆ ಉಣ್ಣೆಯ ಅಗತ್ಯವೇ ಇಲ್ಲ.

ಯಾವ ರೋಗ ಉಣ್ಣೆ ಇಲ್ಲದೆ ಎಷ್ಟು ಹರಡುತ್ತದೆ

ನಮ್ಮಲ್ಲಿ ರಕ್ತರೋಗ ಎಂದು ಒಂದೇ ಚೀಲಕ್ಕೆ ಹಾಕುವ ನಾಲ್ಕು ರೋಗಗಳ ಸ್ವಭಾವ ಬೇರೆ ಬೇರೆ.

ಅನಾಪ್ಲಾಸ್ಮಾ (ನಿಜಕ್ಕೆ ಇದು ಪರೋಪಜೀವಿಯಲ್ಲ, ಕೆಂಪು ರಕ್ತಕಣದೊಳಗೆ ಬೆಳೆಯುವ ಒಂದು ಬ್ಯಾಕ್ಟೀರಿಯಾ) ಸೂಜಿ, ಕತ್ತರಿ, ಕಚ್ಚುವ ನೊಣ, ಗರ್ಭ ಹೀಗೆ ಎಲ್ಲ ದಾರಿಯಲ್ಲೂ ಹೋಗುತ್ತದೆ. ಉಣ್ಣೆ ಇಲ್ಲದ ಕೊಟ್ಟಿಗೆಯಲ್ಲಿ ಮೊದಲ ಅನುಮಾನ ಇದರ ಮೇಲೇ ಇರಲಿ.

ಸರ್ರಾ, ಅಂದರೆ ಟ್ರಿಪನೊಸೋಮಾ ಇವಾನ್ಸೈ, ಮುಖ್ಯವಾಗಿ ಕಚ್ಚುವ ನೊಣದಿಂದ ಹರಡುತ್ತದೆ. ಸೂಜಿಯಿಂದಲೂ ಹರಡಬಲ್ಲದು.

ಥೈಲೀರಿಯಾ ಆ್ಯನ್ಯುಲೇಟಾಗೆ ಉಣ್ಣೆಯೇ ಪ್ರಧಾನ. ಕೆಂಪು ಕಣದೊಳಗಿನ ಅದರ ರೂಪ ಸೂಜಿಯ ಮೂಲಕ ಹೋದರೂ ಸುಲಭಕ್ಕೆ ಬೇರೂರುವುದಿಲ್ಲ. ಬಿಳಿ ಕಣದೊಳಗಿನ ರೂಪ ಬೇರೂರಬಲ್ಲದು, ಹಾಗಾಗಿ ಜೋರು ಜ್ವರದ ಹಸುವಿಗೆ ಬಳಸಿದ ಸೂಜಿ ಹೆಚ್ಚು ಅಪಾಯ. ಗರ್ಭದಲ್ಲೇ ಕರುವಿಗೆ ತಗಲಿದ ಪ್ರಕರಣಗಳೂ ಉಂಟು. ಥೈಲೀರಿಯಾ ಓರಿಯೆಂಟಾಲಿಸ್ ಎಂಬ ಇನ್ನೊಂದು ಜಾತಿ ಮಾತ್ರ ಪ್ರಯೋಗಗಳಲ್ಲಿ ಸೂಜಿಯಿಂದಲೂ ಹೇನಿನಿಂದಲೂ ದಾಟಿದೆ.

ಬೆಬೀಸಿಯಾ ಸಹಜವಾಗಿ ಹರಡುವುದು ಉಣ್ಣೆಯಿಂದಲೇ. ಆದರೂ ರಕ್ತ ನೇರವಾಗಿ ಒಳಹೋದರೆ ರೋಗವೂ ಒಳಹೋಗುತ್ತದೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಡೆ ನೋಡಿ: ಅಲ್ಲಿನ ಉಣ್ಣೆಜ್ವರದ ಲಸಿಕೆಯಲ್ಲಿ ಇರುವುದು ದುರ್ಬಲಗೊಳಿಸಿದ ಬೆಬೀಸಿಯಾ ಮತ್ತು ಸೌಮ್ಯ ಅನಾಪ್ಲಾಸ್ಮಾ ಜೀವಂತವಾಗಿರುವ ದನದ ರಕ್ತವೇ. ದನವೊಂದಕ್ಕೆ 2 ಮಿ.ಲೀ. ಕೊಡುತ್ತಾರೆ.

ಹಂತ 1: ಉಣ್ಣೆ ನಿಜಕ್ಕೂ ಇಲ್ಲವೇ?

ಕಾಣದಿದ್ದ ಮಾತ್ರಕ್ಕೆ ಇಲ್ಲವೆಂದಲ್ಲ. ಉಣ್ಣೆಯ ಮರಿ ಎಳ್ಳಿಗಿಂತ ಚಿಕ್ಕದು. ಕಿವಿಯ ಒಳಮಡಿಕೆ, ಗಂಗೆದೊಗಲು, ಕೆಚ್ಚಲ ಹಿಂಭಾಗ, ತೊಡೆಸಂದು, ಬಾಲದ ಬುಡ ಈ ಐದು ಕಡೆ ಕೂದಲನ್ನು ಹಿಮ್ಮುಖವಾಗಿ ಬೆರಳಿನಿಂದ ತೀಡಿ ನೋಡಿ. ಥೈಲೀರಿಯಾ ಹರಡುವ ಹಯಲೋಮಾ ಉಣ್ಣೆ ರಕ್ತ ಕುಡಿದ ಮೇಲೆ ದನದಿಂದ ಇಳಿದು ಗೋಡೆಯ ಸಂದಿಯಲ್ಲಿ ಅಡಗುತ್ತದೆ. ಗೋದಲಿಯ ಕೆಳಗೆ, ಕಲ್ಲುಗಳ ನಡುವೆ ಟಾರ್ಚ್ ಬಿಟ್ಟು ನೋಡದೆ ‘ಉಣ್ಣೆ ಇಲ್ಲ’ ಎನ್ನಬೇಡಿ.

ಹಂತ 2: ಔಷಧಿಗೆ ಮುಂಚೆ ರಕ್ತ

ಇಂಜೆಕ್ಷನ್ ಕೊಟ್ಟ ಮೇಲೆ ತೆಗೆದ ರಕ್ತದಲ್ಲಿ ಜೀವಿ ಸಿಗದೇ ಹೋಗಬಹುದು. ಜ್ವರ ಇರುವಾಗಲೇ ಕಿವಿಯ ತುದಿಯ ರಕ್ತನಾಳ ಚುಚ್ಚಿ ಮೊದಲ ಹನಿಯಿಂದ ಗಾಜಿನ ಪಟ್ಟಿಯ ಮೇಲೆ ತೆಳುವಾದ ಲೇಪ ಮಾಡಿಸಿ. ಗಾಳಿಯಲ್ಲಿ ಒಣಗಲಿ, ಊದಬೇಡಿ. ಜೊತೆಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಬಾಟಲಿಗೆ 3ರಿಂದ 5 ಮಿ.ಲೀ. ರಕ್ತ ತೆಗೆಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಕಳಿಸಿ. ಫ್ರೀಜರಿನಲ್ಲಿಟ್ಟರೆ ಕಣಗಳು ಒಡೆಯುತ್ತವೆ. ಸರ್ರಾ ಅನುಮಾನವಿದ್ದರೆ ಹಸಿ ಹನಿಯನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರಕ್ತಕಣಗಳನ್ನು ತಳ್ಳುತ್ತಾ ಮಿಡುಕಾಡುವ ಜೀವಿ ಕಂಡರೆ ಸರ್ರಾ ಅನುಮಾನ ಗಟ್ಟಿಯಾಗುತ್ತದೆ.

ಲಕ್ಷಣಗಳೂ ಸುಳಿವು ಕೊಡುತ್ತವೆ. ಕಾಫಿ ಬಣ್ಣದ ಮೂತ್ರ ಬೆಬೀಸಿಯಾ ಕಡೆ ಬೆರಳು ತೋರಿಸುತ್ತದೆ. ಭುಜದ ಮುಂದಿನ ಗ್ರಂಥಿ ನಿಂಬೆಹಣ್ಣಿನಂತೆ ಊದಿದ್ದರೆ ಥೈಲೀರಿಯಾ. ಅನಾಪ್ಲಾಸ್ಮಾದಲ್ಲಿ ಕಣ್ಣಿನ ಒಳರೆಪ್ಪೆ ಬಿಳಿಚಿ ಆಮೇಲೆ ಹಳದಿಯಾಗುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಮೂತ್ರ ಮಾತ್ರ ಕೆಂಪಾಗುವುದಿಲ್ಲ. ಎರಡು ವರ್ಷ ದಾಟಿದ ಹಸುಗಳಿಗೆ ಅದು ಮಾರಕವಾಗಬಹುದು. ಆರು ತಿಂಗಳೊಳಗಿನ ಕರುವಿಗೆ ತಗಲಿದರೂ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಸರ್ರಾದಲ್ಲಿ ಜ್ವರ ಬಂದು ಹೋಗುತ್ತಿರುತ್ತದೆ, ಕಣ್ಣಲ್ಲಿ ನೀರು, ಕೆಲವೊಮ್ಮೆ ಸುತ್ತು ಹಾಕುವುದು, ಗಬ್ಬ ಹೋಗುವುದು.

ರೋಗ ವಾಸಿಯಾದ ಹಸುವನ್ನು ನಾವು ಸುರಕ್ಷಿತ ಎಂದುಕೊಳ್ಳುತ್ತೇವೆ. ಅನಾಪ್ಲಾಸ್ಮಾದಿಂದ ಚೇತರಿಸಿಕೊಂಡ ದನ ಬಹುಮಟ್ಟಿಗೆ ಜೀವಮಾನವಿಡೀ ವಾಹಕ. ಲೇಪದಲ್ಲಿ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ ರಕ್ತದಲ್ಲಿ ಉಳಿದಿರುತ್ತದೆ, ರೋಗಾಣುವಿನ ವಂಶವಾಹಿಯನ್ನು ಹುಡುಕುವ ಪಿಸಿಆರ್‌ನಲ್ಲಿ ಸಿಗುತ್ತದೆ. ನಿಮ್ಮ ಕೊಟ್ಟಿಗೆಯ ದಷ್ಟಪುಷ್ಟ ಹಳೆಯ ಹಸುವೇ ಮೂಲವಾಗಿರಬಹುದು.

ಹಂತ 3: ಕ್ಯಾಲೆಂಡರ್ ಹಿಂದಕ್ಕೆ ತಿರುಗಿಸಿ

ಅನಾಪ್ಲಾಸ್ಮಾ ಮೈ ಸೇರಿದ ಮೇಲೆ ರೋಗ ಕಾಣಿಸಿಕೊಳ್ಳಲು 7ರಿಂದ 60 ದಿನ, ಸರಾಸರಿ 28 ದಿನ ಬೇಕು. ಒಂದು ಕಾಗದದಲ್ಲಿ ಮೂರು ಸಾಲು ಬರೆಯಿರಿ: ಯಾವ ಹಸುವಿಗೆ ಯಾವ ದಿನ ಜ್ವರ ಬಂತು, ಅದಕ್ಕೂ ಹಿಂದಿನ 60 ದಿನಗಳಲ್ಲಿ ಚುಚ್ಚಿದ, ಕತ್ತರಿಸಿದ, ಟ್ಯಾಗ್ ಹಾಕಿದ ದಿನಗಳು, ಆ ದಿನ ದನಗಳಿಗೆ ಯಾವ ಕ್ರಮದಲ್ಲಿ ಸೂಜಿ ಬಿತ್ತು.

ಮೂರನೆಯ ಸಾಲನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಅದೇ ಮುಖ್ಯ. ಹೊರಗಿನಿಂದ ತಂದ ಹಸು ಗೂಟದ ಸಾಲಿನಲ್ಲಿ ಮೂರನೆಯದು, ಕಾಯಿಲೆ ಬಿದ್ದದ್ದು ನಾಲ್ಕನೆಯದು ಮತ್ತು ಐದನೆಯದು, ಎರಡೂ ಒಂದೇ ವಾರದೊಳಗೆ ಎಂದರೆ ಸೂಜಿಯ ಜಾಡು ಸ್ಪಷ್ಟ. ಮಳೆಗಾಲದುದ್ದಕ್ಕೂ ಅಲ್ಲೊಂದು ಇಲ್ಲೊಂದು ಬೀಳುತ್ತಿದ್ದರೆ, ಅದರಲ್ಲೂ ಬಯಲಿಗೆ ಹೋಗುವವೇ ಹೆಚ್ಚಾಗಿದ್ದರೆ, ನೊಣದ ಕಡೆ ನೋಡಿ. ಹುಟ್ಟಿ ನಾಲ್ಕೈದು ದಿನವೂ ಆಗದ ಕರುವಿನ ರಕ್ತದಲ್ಲಿ ಜೀವಿ ಕಂಡರೆ ಅದು ಹೊರಗೆ ತಗಲಿ ಬೆಳೆಯಲು ಸಮಯವೇ ಆಗಿಲ್ಲ. ತಾಯಿಯ ಹೊಟ್ಟೆಯಲ್ಲೇ ಬಂದಿದೆ.

ಹಂತ 4: ಸೂಜಿ

ಅಮೆರಿಕದ ಕ್ಯಾನ್ಸಸ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೋಂಕಿತ ಹೋರಿಗೆ ಚುಚ್ಚಿದ ಸೂಜಿಯನ್ನೇ ಆರೋಗ್ಯವಂತ ಹೋರಿಗಳಿಗೂ ಚುಚ್ಚಿದಾಗ 10ರಲ್ಲಿ 6ಕ್ಕೆ ಅನಾಪ್ಲಾಸ್ಮಾ ತಗಲಿತು. ಸೂಜಿಯಿಲ್ಲದೆ ಒತ್ತಡದಿಂದ ಔಷಧಿ ತೂರಿಸುವ ಉಪಕರಣ ಬಳಸಿದ ಗುಂಪಿನಲ್ಲಿ 10ರಲ್ಲಿ ಒಂದಕ್ಕೂ ತಗಲಲಿಲ್ಲ. ಅಲ್ಲಿ ಚುಚ್ಚಿದ್ದು ಸ್ನಾಯುವಿಗೆ, ರಕ್ತನಾಳಕ್ಕಲ್ಲ.

ನಮ್ಮ ಊರುಗಳಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸಗಳು ಎರಡಿವೆ. ಮೊದಲನೆಯದು ಹಾಲಿಳಿಸುವ ಇಂಜೆಕ್ಷನ್. ಆಕ್ಸಿಟೋಸಿನ್ ಅನ್ನು ವೈದ್ಯರ ಚೀಟಿ ಇಲ್ಲದೆ ಹೀಗೆ ಬಳಸುವುದೇ ತಪ್ಪು. ಅದರ ಮೇಲೆ, ಒಂದೇ ಸಿರಿಂಜನ್ನು ಗೋಡೆಯ ಗೂಡಿನಲ್ಲಿಟ್ಟು ಬೆಳಗ್ಗೆ ಸಂಜೆ ಎಲ್ಲ ಎಮ್ಮೆ ಹಸುಗಳಿಗೂ ಚುಚ್ಚುತ್ತಾರೆ. ಆರು ಹಸು, ದಿನಕ್ಕೆ ಎರಡು ಹೊತ್ತು: ತಿಂಗಳಿಗೆ 360 ಚುಚ್ಚು. ವರ್ಷಕ್ಕೆರಡು ಸಲ ಬರುವ ಲಸಿಕೆ ಶಿಬಿರವನ್ನು ದೂರುವ ಮುನ್ನ ಈ ಲೆಕ್ಕ ಹಾಕಬೇಕು. ಎರಡನೆಯದು ಕ್ಯಾಲ್ಸಿಯಂ ಬಾಟಲಿಯ ನಳಿಕೆ. ಕರು ಹಾಕಿ ಬಿದ್ದ ಹಸುವಿಗೆ 450 ಮಿ.ಲೀ. ಬಾಟಲಿ ಏರಿಸುವಾಗ ಬಾಟಲಿ ಸ್ವಲ್ಪ ಕೆಳಗಿಳಿದರೂ ಕುತ್ತಿಗೆಯ ನಾಳದಿಂದ ರಕ್ತ ನಳಿಕೆಯೊಳಗೆ ಹಿಮ್ಮುಖವಾಗಿ ಏರುತ್ತದೆ. ಅದೇ ನಳಿಕೆಯನ್ನು ನೀರಲ್ಲಿ ಜಾಲಿಸಿ ಮುಂದಿನ ಮನೆಗೆ ಒಯ್ದರೆ ಅದು ರಕ್ತ ಕೊಟ್ಟಂತೆಯೇ. ಐವಿ ಸೆಟ್ (ಈ ನಳಿಕೆ) ಮತ್ತು ಅದರ ಸೂಜಿ ಒಂದೇ ದನಕ್ಕೆ, ಒಂದೇ ಸಲ.

ಲಸಿಕೆಯ ದಿನ ಹೀಗೆ ಮಾಡಿ:

1. 20 ದನವಿದ್ದರೆ 25 ಹೊಸ ಸೂಜಿ ಸಿದ್ಧವಿಡಿ. ದೊಡ್ಡ ದನಕ್ಕೆ ಸ್ನಾಯುವಿಗಾದರೆ 16 ಅಥವಾ 18 ಗೇಜ್, ಕರುಗಳಿಗೆ 18ರಿಂದ 20. ಮಿಕ್ಕ ಐದು, ಬಾಗಿದ್ದಕ್ಕೆ ಮತ್ತು ನೆಲಕ್ಕೆ ಬಿದ್ದದ್ದಕ್ಕೆ.

2. ಲಸಿಕೆ ಬಾಟಲಿಯ ರಬ್ಬರಿಗೆ ಒಂದು ಸೂಜಿ ಚುಚ್ಚಿ ಅಲ್ಲೇ ಬಿಡಿ. ಔಷಧಿ ಎಳೆಯುವುದು ಅದರಿಂದ ಮಾತ್ರ. ದನಕ್ಕೆ ಚುಚ್ಚಿದ ಸೂಜಿ ಬಾಟಲಿಗೆ ಮರಳಿದರೆ ಉಳಿದ ಅಷ್ಟೂ ಡೋಸು ಕೆಟ್ಟಂತೆ.

3. ಪ್ರತಿ ದನಕ್ಕೆ ಸೂಜಿ ಬದಲಿಸಿ. ಸೂಜಿಯ ಬುಡದಲ್ಲಿ ಅಥವಾ ಸಿರಿಂಜಿನ ಮೂತಿಯಲ್ಲಿ ರಕ್ತ ಕಂಡರೆ ಸಿರಿಂಜನ್ನೂ ಬದಲಿಸಿ.

4. ಜ್ವರದ, ಹೊಸದಾಗಿ ಬಂದ, ಹಿಂದೆ ರಕ್ತರೋಗ ಆಗಿದ್ದ ದನಗಳನ್ನು ಸಾಲಿನ ಕೊನೆಗೆ ಕಟ್ಟಿ. ಕಾಯಿಲೆಯ ಹಸುವಿಗೆ ಅಂದು ಲಸಿಕೆ ಬೇಕೇ ಎಂಬುದನ್ನು ವೈದ್ಯರೇ ಹೇಳಲಿ.

5. ಬಳಸಿದ ಸೂಜಿ ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ಹೋಗಲಿ. ಡಬ್ಬ ಪಶು ಆಸ್ಪತ್ರೆಗೆ ಕೊಡಿ. ತಿಪ್ಪೆಗೆ ಎಸೆದರೆ ದನದ ಗೊರಸಿಗೋ ನಿಮ್ಮ ಕಾಲಿಗೋ ನಾಟುತ್ತದೆ.

ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದೇ ಎಂದು ಕೇಳುವವರುಂಟು. ಒರೆಸುವುದು ಹೊರಮೈ, ರಕ್ತ ಉಳಿಯುವುದು ಕೊಳವೆಯ ಒಳಗೆ. ಸೋಂಕುನಾಶಕದಲ್ಲಿ ಅದ್ದಿದರೆ ಇನ್ನೊಂದು ಸಮಸ್ಯೆ: ಕಂದುರೋಗದ ಎಸ್19 ಲಸಿಕೆ, ಚರ್ಮಗಂಟು ರೋಗಕ್ಕೆ ಕೊಡುವ ಮೇಕೆ ಸಿಡುಬು ಲಸಿಕೆ, ಇವೆಲ್ಲ ಜೀವಂತ ಲಸಿಕೆಗಳು. ಕೊಳವೆಯಲ್ಲಿ ಉಳಿದ ಔಷಧಿ ಲಸಿಕೆಯನ್ನೇ ಕೊಲ್ಲುತ್ತದೆ. ದನಕ್ಕೆ ರಕ್ಷಣೆ ಸಿಕ್ಕಿಲ್ಲವೆಂಬುದು ರೋಗ ಬಂದ ಮೇಲಷ್ಟೇ ಗೊತ್ತಾಗುತ್ತದೆ.

ಲೋಹದ ಸೂಜಿಯನ್ನು ಮತ್ತೆ ಬಳಸಲೇಬೇಕಾದರೆ ಮೊದಲು ತಣ್ಣೀರನ್ನು ಸಿರಿಂಜಿನಿಂದ ಒಳಗೆ ನಾಲ್ಕೈದು ಸಲ ಹಾಯಿಸಿ. ನೇರ ಬಿಸಿನೀರಿಗೆ ಹಾಕಿದರೆ ರಕ್ತ ಒಳಗೇ ಬೆಂದು ಗಟ್ಟಿಯಾಗುತ್ತದೆ. ತೊಳೆದ ಮೇಲೆ ಕುದಿ ಬಂದಲ್ಲಿಂದ 20 ನಿಮಿಷ ಕುದಿಸಿ. ಪ್ರೆಶರ್ ಕುಕ್ಕರ್ ಇನ್ನೂ ಒಳ್ಳೆಯದು. ಆರಿದ ಮೇಲೆ ಮಾತ್ರ ಬಳಸಿ.

ಇದನ್ನು ಓದಿ ಲಸಿಕೆಯೇ ಬೇಡ ಎಂದು ದನ ಅಡಗಿಸಬೇಡಿ. ಕಾಲುಬಾಯಿ ಜ್ವರ ಒಂದು ಸಲ ನುಗ್ಗಿದರೆ ಆಗುವ ನಷ್ಟ ಸೂಜಿಪೆಟ್ಟಿಗೆಯ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಶಿಬಿರದಲ್ಲಿ ಸೂಜಿ ಸಾಲದೆ ಬಂದರೆ ನಿಮ್ಮದನ್ನೇ ಕೊಡಿ; ಬೇಡ ಎನ್ನುವವರು ಕಡಿಮೆ.

ಹಂತ 5: ರಕ್ತ ತಾಗುವ ಇತರ ಉಪಕರಣಗಳು

ಮೂಗುದಾರ ಪೋಣಿಸುವ ದಬ್ಬಳ ಊರಿಗೊಂದೇ ಇರುತ್ತದೆ. ಒಂದೇ ದಿನ ನಾಲ್ಕು ಹೋರಿಕರುಗಳ ಮೂಗು ಚುಚ್ಚುವಾಗ ರಕ್ತ ಕಣ್ಣಿಗೆ ಕಾಣುವಷ್ಟು ಮೆತ್ತಿಕೊಳ್ಳುತ್ತದೆ. ನಾಲ್ಕು ದಬ್ಬಳ ಕುದಿಸಿಟ್ಟುಕೊಳ್ಳುವುದು ಸುಲಭದ ದಾರಿ. ಅಷ್ಟಿಲ್ಲದಿದ್ದರೆ ಎರಡು ಬಕೆಟ್ ಇಡಿ: ಮೊದಲನೆಯದರಲ್ಲಿ ನೀರು ಮತ್ತು ಬ್ರಶ್, ಎರಡನೆಯದರಲ್ಲಿ ಕ್ಲೋರ್‌ಹೆಕ್ಸಿಡಿನ್ ಅಥವಾ ಪೊವಿಡೋನ್ ಅಯೋಡಿನ್ ದ್ರಾವಣ. ಉಜ್ಜಿ ತೊಳೆದ ಮೇಲೆ 10 ನಿಮಿಷ ಅದ್ದಿಡಿ. ಉಜ್ಜದೆ ಅದ್ದಿದರೆ ರಕ್ತವೇ ದ್ರಾವಣದ ಶಕ್ತಿ ತಿಂದುಹಾಕುತ್ತದೆ. ದ್ರಾವಣದ ಬಣ್ಣ ಮಂಕಾದೊಡನೆ ಚೆಲ್ಲಿ ಹೊಸದು ಮಾಡಿ.

ಕೊಂಬು ಕೊಯ್ಯುವ ತಂತಿ, ಕಿವಿ ಟ್ಯಾಗಿನ ಇಕ್ಕಳ, ಗೊರಸು ಕತ್ತರಿಸುವ ಚಾಕು, ಇವಕ್ಕೂ ಇದೇ ಕ್ರಮ. ಟ್ಯಾಗ್ ಪ್ರತಿ ದನಕ್ಕೂ ಹೊಸದೇ, ಆದರೆ ರಕ್ತ ಅಂಟುವುದು ಇಕ್ಕಳದ ಬಾಯಿಗೆ. ರಕ್ತ ಬಾರದ ವಿಧಾನವಿದ್ದರೆ ಅದನ್ನೇ ಆರಿಸಿ: ಬೀಜ ಒಡೆಯಲು ಚಾಕುವಿನ ಬದಲು ಬರ್ಡಿಜೊ ಇಕ್ಕಳ, ಬೆಳೆದ ಕೊಂಬು ಕೊಯ್ಯುವ ಬದಲು ಕೆಲವೇ ವಾರದ ಕರುವಿನ ಕೊಂಬಿನ ಮೊಗ್ಗನ್ನು ವೈದ್ಯರಿಂದ ಸುಡಿಸುವುದು. ಇವನ್ನೆಲ್ಲ ನೊಣ ಕಡಿಮೆಯಿರುವ ಒಣ ದಿನಗಳಿಗೆ ಇಟ್ಟುಕೊಳ್ಳಿ.

ಹಂತ 6: ಕಚ್ಚುವ ನೊಣ

ಎಲ್ಲ ನೊಣವೂ ಅಪರಾಧಿಯಲ್ಲ. ಎರಡನ್ನು ಗುರುತು ಹಿಡಿಯಿರಿ. ಕುದುರೆ ನೊಣ, ಅಂದರೆ ಟಬಾನಸ್, ಜೇನಿಗಿಂತ ದೊಡ್ಡದು, ಹೊಳೆಯುವ ದೊಡ್ಡ ಕಣ್ಣು. ಅದು ಚರ್ಮವನ್ನು ಚುಚ್ಚುವುದಲ್ಲ, ಕೊಯ್ದು ಒಸರಿದ ರಕ್ತವನ್ನು ನೆಕ್ಕುತ್ತದೆ. ನೋವಿಗೆ ಹಸು ಬಾಲ ಬೀಸಿದೊಡನೆ ಅರ್ಧಕ್ಕೇ ಎದ್ದು ಪಕ್ಕದ ಹಸುವಿನ ಮೇಲೆ ಕೂರುತ್ತದೆ, ಬಾಯಲ್ಲಿ ಹಸಿ ರಕ್ತದ ಸಮೇತ. ಲಾಯದ ನೊಣ, ಅಂದರೆ ಸ್ಟೊಮಾಕ್ಸಿಸ್, ನೋಡಲು ಮನೆನೊಣದಂತೆಯೇ. ಆದರೆ ತಲೆಯ ಮುಂದೆ ಸೂಜಿಯಂಥ ಕೊಂಡಿ ಚಾಚಿಕೊಂಡಿರುತ್ತದೆ, ಕಾಲಿನ ಮೇಲೆ ಕೂರುತ್ತದೆ. ಹಸು ಸುಮ್ಮನೆ ಕಾಲು ಬಡಿಯುತ್ತಿದ್ದರೆ ಮೊಣಕಾಲ ಕೆಳಗೆ ನೋಡಿ. ಎರಡರಲ್ಲಿ ಹೆಚ್ಚು ಸಮರ್ಥ ಹರಡುವವನು ಟಬಾನಸ್.

ರೋಗಾಣು ಈ ನೊಣಗಳ ಬಾಯಲ್ಲಿ ಬೆಳೆಯುವುದಿಲ್ಲ, ರಕ್ತ ಹಸಿಯಿರುವಷ್ಟು ಹೊತ್ತು ಬದುಕಿರುತ್ತದೆ ಅಷ್ಟೆ. ಹಾಗಾಗಿ ಅಂತರವೇ ಔಷಧಿ. ಅರ್ಧ ಕುಡಿದ ನೊಣ ಹುಡುಕುವುದು ಅತಿ ಹತ್ತಿರದ ಮೈಯನ್ನು. ಕಾಯಿಲೆಯ ಹಸುವನ್ನು ಅದೇ ಸಾಲಿನಲ್ಲಿ ಕಟ್ಟಬೇಡಿ. ಕುದುರೆಗಳ ಇಂಥದೇ ನೊಣದ ರೋಗಕ್ಕೆ ಅಮೆರಿಕದಲ್ಲಿ 200 ಗಜ, ಅಂದರೆ ಸುಮಾರು 180 ಮೀಟರ್ ದೂರ ಇಡುತ್ತಾರೆ. ನಮ್ಮ ಹಿತ್ತಿಲಲ್ಲಿ ಅಷ್ಟು ಜಾಗ ಎಲ್ಲಿ? ಹಗಲು ಸೊಳ್ಳೆಪರದೆಯ ಬಟ್ಟೆ ಕಟ್ಟಿದ, ಮಬ್ಬು ಬೆಳಕಿನ ಕೋಣೆಯಲ್ಲಿ ನಿಲ್ಲಿಸಿದರೂ ನಡೆಯುತ್ತದೆ. ಟಬಾನಸ್ ಬಿಸಿಲಿನ ನೊಣ, ಕತ್ತಲೆಗೆ ಬರಲು ಅದಕ್ಕೆ ಮನಸ್ಸಿಲ್ಲ.

ಸ್ಟೊಮಾಕ್ಸಿಸ್ ಮರಿ ಮಾಡುವುದು ಗಂಜಲ, ಸಗಣಿ ಬೆರೆತು ಕೊಳೆಯುವ ಹುಲ್ಲಿನಲ್ಲಿ. ಮೊಟ್ಟೆಯಿಂದ ನೊಣವಾಗಲು ಸೆಕೆಗಾಲದಲ್ಲಿ ಎರಡು ಮೂರು ವಾರ ಬೇಕು. ಗೋದಲಿಯ ಬುಡ, ಸೈಲೇಜ್ ಗುಂಡಿಯ ಅಂಚು, ಗಂಜಲ ಕಾಲುವೆಯ ತಿರುವು ಈ ಮೂರು ಕಡೆಯ ಕಸವನ್ನು ವಾರಕ್ಕೆರಡು ಸಲ ಎತ್ತಿದರೆ ಚಕ್ರ ಮುರಿಯುತ್ತದೆ. ಟಬಾನಸ್ ಹುಟ್ಟುವುದು ಕೆರೆಯಂಚಿನ, ಗದ್ದೆಯ ಕೆಸರಿನಲ್ಲಿ. ಅದನ್ನು ಒಬ್ಬ ರೈತ ತಡೆಯಲಾರ. ನೀಲಿ ಮತ್ತು ಕಪ್ಪು ಬಟ್ಟೆಯ ಬಲೆಗಳಿಗೆ ಅದು ಬೀಳುತ್ತದೆ. ಡೆಲ್ಟಾಮೆಥ್ರಿನ್‌ನಂಥ ಔಷಧಿಯನ್ನು ಚೀಟಿಯಲ್ಲಿರುವ ಪ್ರಮಾಣದಲ್ಲೇ ಬೆರೆಸಿ, ಬೆನ್ನಿಗಲ್ಲ, ಕಾಲು ಮತ್ತು ಹೊಟ್ಟೆಯ ಕೆಳಭಾಗಕ್ಕೆ ತಾಗುವಂತೆ ಸಿಂಪಡಿಸಿ. ಟಬಾನಸ್ ಕೂತು ಏಳುವಷ್ಟರಲ್ಲಿ ಔಷಧಿ ಪೂರ್ತಿ ನಾಟುವುದಿಲ್ಲ ಎಂಬುದೂ ಗೊತ್ತಿರಲಿ. ಬೇವಿನ ಸೊಪ್ಪಿನ ಹೊಗೆ ಸಂಜೆಗೆ ಹಿತ, ಆದರೆ ಟಬಾನಸ್ ಕಚ್ಚುವುದು ಮಧ್ಯಾಹ್ನ.

ಹಂತ 7: ರೋಗ ಕಾಲಿಟ್ಟಾಗಿದೆ, ಈಗ?

ವಿಚಿತ್ರವೆಂದರೆ ಚಿಕಿತ್ಸೆಯ ದಿನವೇ ರೋಗ ಹೆಚ್ಚು ಹರಡಬಹುದು, ಏಕೆಂದರೆ ಆ ದಿನ ಚುಚ್ಚು ಹೆಚ್ಚು, ರೋಗಿಯ ರಕ್ತದಲ್ಲಿ ಜೀವಿಯೂ ಹೆಚ್ಚು.

ಮೊದಲು ತೂಕ. ಅಂದಾಜಿಗೆ ಕೊಟ್ಟ ಕಡಿಮೆ ಡೋಸಿನಿಂದ ರೋಗ ಮರುಕಳಿಸುತ್ತದೆ. ಟೇಪಿನಲ್ಲಿ ಎದೆಯ ಸುತ್ತಳತೆಯನ್ನೂ ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆ × ಸುತ್ತಳತೆ × ಉದ್ದ, ಅದನ್ನು 660ರಿಂದ ಭಾಗಿಸಿದರೆ ಕಿಲೋ. 66 ಇಂಚು ಸುತ್ತಳತೆ, 58 ಇಂಚು ಉದ್ದದ ಹಸು ಸುಮಾರು 383 ಕಿಲೋ.

ಅನಾಪ್ಲಾಸ್ಮಾಗೆ ವೈದ್ಯರು ಸಾಮಾನ್ಯವಾಗಿ ಆರಿಸುವುದು ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್, ಕಿಲೋಗೆ 20 ಮಿ.ಗ್ರಾಂ. 400 ಕಿಲೋ ಹಸುವಿಗೆ 200 ಮಿ.ಗ್ರಾಂ. ಸಾಂದ್ರತೆಯ ಔಷಧಿ 40 ಮಿ.ಲೀ. ಆಗುತ್ತದೆ, ಒಂದೇ ಜಾಗಕ್ಕೆ 10 ಮಿ.ಲೀ. ಮೀರದಂತೆ ನಾಲ್ಕು ಕಡೆ. ಸರ್ರಾಗೆ ಡೈಮಿನಾಜಿನ್, ಥೈಲೀರಿಯಾಗೆ ಬುಪಾರ್ವಾಕ್ವೋನ್, ಬೆಬೀಸಿಯಾಗೆ ಇಮಿಡೋಕಾರ್ಬ್ ಅಥವಾ ಡೈಮಿನಾಜಿನ್. ಒಂದೇ ಔಷಧಿ ಎಲ್ಲಕ್ಕೂ ನಾಟುವುದಿಲ್ಲ, ಅದಕ್ಕೇ ಹಂತ 2. ಹಾಲು ಎಷ್ಟು ದಿನ ಡೇರಿಗೆ ಹಾಕಬಾರದು ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ರಕ್ತ ತೀರಾ ಇಳಿದ ಹಸುವನ್ನು ಅಟ್ಟಾಡಿಸಿ ಹಿಡಿಯಬೇಡಿ. ಅನಾಪ್ಲಾಸ್ಮಾದಲ್ಲಿ ಹಸು ಹಾಯಲು ಬರುವುದೂ ಉಂಟು. ಆ ಓಟಕ್ಕೇ ಉಸಿರು ಸಾಲದೆ ಬಿದ್ದುಬಿಡಬಹುದು. ನಿಂತಲ್ಲೇ, ನೆರಳಲ್ಲೇ ಚಿಕಿತ್ಸೆ ಆಗಲಿ.

ರಕ್ತ ಕೊಡಿಸುವ ಪ್ರಮೇಯ ಬಂದರೆ ದಾನಿ ಹಸುವಿನ ಲೇಪ ಸ್ವಚ್ಛವಿದೆ ಎಂಬುದು ಸಾಲದು, ಪಿಸಿಆರ್ ಬೇಕು. ಸಮಯವಿಲ್ಲದೆ ಪರೀಕ್ಷಿಸದ ರಕ್ತ ಕೊಟ್ಟಿದ್ದರೆ ಆ ಹಸುವಿಗೆ ಹೊಸ ಸೋಂಕು ತಗಲಿದೆ ಎಂದೇ ಲೆಕ್ಕ ಹಾಕಿ ಕಾಯಿರಿ.

ಕೈಗೆ ಗ್ಲೌಸ್ ಹಾಕಿ. 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರೈತರೊಬ್ಬರಲ್ಲಿ ಸರ್ರಾ ಜೀವಿಯೇ ಕಂಡುಬಂತು. ಮನುಷ್ಯರ ರಕ್ತದಲ್ಲಿ ಸಾಮಾನ್ಯವಾಗಿ ಇರುವ, ಈ ಜೀವಿಯನ್ನು ಕೊಲ್ಲುವ ಒಂದು ಪ್ರೋಟೀನು ಅವರಲ್ಲಿ ಇರಲಿಲ್ಲ. ಅಂಥವರು ತೀರಾ ಅಪರೂಪ. ಆದರೆ ಗಾಯದ ಕೈಯಲ್ಲಿ ದನದ ರಕ್ತ ಮುಟ್ಟುವಾಗ ಅಷ್ಟು ಜಾಗ್ರತೆ ಇರಲಿ. ಸತ್ತ ದನದ ಹಸಿ ಮಾಂಸ ನಾಯಿಗೂ ಹಾಕಬೇಡಿ, ಸರ್ರಾ ಅದರ ಬಾಯಿಂದಲೇ ಒಳಹೋಗುತ್ತದೆ.

ಹಂತ 8: ಹೊಸ ಹಸು, ಹುಟ್ಟುವ ಕರು

ಸಂತೆಯಿಂದ ತಂದ ಹಸುವನ್ನು ಬೇರೆ ಕಟ್ಟಿ, ಅದಕ್ಕೆ ಬೇರೆಯೇ ಸಿರಿಂಜ್ ಪೆಟ್ಟಿಗೆ ಇರಲಿ. ಮೊದಲ ವಾರವೇ ಪಿಸಿಆರ್‌ಗೆ ರಕ್ತ ಕಳಿಸಿ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅಥವಾ ಹತ್ತಿರದ ಪಶುವೈದ್ಯಕೀಯ ಕಾಲೇಜಿಗೆ ಕಳಿಸುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ವಾಹಕ ಎಂದು ಗೊತ್ತಾದರೆ ಮಾರಿಬಿಡುವ ಅಗತ್ಯವಿಲ್ಲ. ಕೊಂಬಿಗೋ ಟ್ಯಾಗಿನ ಪಕ್ಕಕ್ಕೋ ಬಣ್ಣದ ಗುರುತು ಹಾಕಿ, ಎಂದೆಂದೂ ಅದಕ್ಕೆ ಸೂಜಿ ಬೀಳುವುದು ಕೊನೆಯಲ್ಲಿ ಎಂದು ಮನೆಯವರಿಗೆಲ್ಲ ಹೇಳಿ.

ಗಬ್ಬದಲ್ಲಿ ರಕ್ತರೋಗ ಆದ ಹಸುವಿನ ಕರುವಿಗೆ ಮೊದಲೆರಡು ದಿನಗಳಲ್ಲೇ ಒಂದು ಲೇಪ ಮಾಡಿಸಿ. ಗಿಣ್ಣುಹಾಲು ತಪ್ಪಿಸಬೇಡಿ. ಕರು ಮಂಕಾಗಿ, ವಸಡು ಬಿಳಿಚಿಕೊಂಡಿದ್ದರೆ ಬರೀ ಜಂತುಹುಳು ಎಂದು ಬಿಡಬಾರದು.

ಕೊನೆಯ ರೋಗಿಗೆ ಜ್ವರ ಇಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ 60 ದಿನ ಎಣಿಸಿ. ಅಷ್ಟೂ ದಿನ ಸಂಜೆ ಹಾಲು ಕರೆಯುವ ಮುಂಚೆ ಉಳಿದ ಹಸುಗಳ ಜ್ವರ ನೋಡಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103.5 ದಾಟಿದ ಸಂಜೆಯೇ ಲೇಪಕ್ಕೆ ಕಿವಿ ಚುಚ್ಚಿಸಿ. ಥರ್ಮಾಮೀಟರನ್ನೂ ಪ್ರತಿ ಹಸುವಿನ ನಂತರ ತೊಳೆದೇ ಮುಂದಿನದಕ್ಕೆ ಹೋಗಿ.